ಎಡಗಡೆಯ ನಿಶ್ಶಬ್ದ

ಜೂನ್ 5, ಗುರುವಾರ

ಮಧ್ಯಾಹ್ನ ಪೂರ್ತಿ ಹೆಬ್ಬಗೋಡಿ ಕ್ಲಿನಿಕ್‌ನಲ್ಲೇ. ಕಿವಿ-ಮೂಗು-ಗಂಟಲಿನ ಮೂವರು ಡಾಕ್ಟರು ಸೇರಿ ನಡೆಸೋದು. ಅವರಿಗೆ ಮಾಡ್ತಿರೋ ವೆಬ್‌ಸೈಟ್ ಬಹುತೇಕ ಮುಗೀತು. ಇನ್ನು ಅವರೇ ಬದಲಾಯಿಸಿಕೊಳ್ಳೋದು ಕಲಿಸಬೇಕು — ಟೈಮಿಂಗ್, ರಜೆ, ಯಾವ ಡಾಕ್ಟರ್ ಯಾವತ್ತು. ಪ್ರತಿಯೊಂದಕ್ಕೂ ನನ್ನನ್ನ ಹುಡುಕೋ ಹಾಗಿರಬಾರದು. ನಾನು ಮಾರೋದೇ ಅದನ್ನ.

ರಿಸೆಪ್ಷನ್‌ನ ದಾನೇಶ್ವರಿ ಕಲಿಯೋಕೆ ಕೂತಳು. ಇಳಕಲ್ ಕಡೆಯವಳು.

"ಇದನ್ನ ಒತ್ತಿದ್ರ ಜಗತ್ತಿಗೆಲ್ಲ ಕಾಣ್ತದೇನ್ರಿ ಮೇಡಂ?"

"ಕಾಣತ್ತೆ."

"ತಪ್ಪು ಬರೆದ್ಬಿಟ್ರ?"

"ಮತ್ತೆ ಬಂದು ತಿದ್ದಬಹುದು. ಯಾರೂ ಬೈಯಲ್ಲ."

ನಕ್ಕಳು. ಆಮೇಲೆ ತಾನೇ ಒತ್ತಿದಳು.

ಡಾ. ಸೌಮ್ಯಾ ರೋಗಿಗಳಿಗೊಂದು ಎಚ್ಚರಿಕೆ ಬರೆದು ಕಳಿಸಿದ್ದರು, ಮೊದಲ ಪುಟದಲ್ಲೇ ಇರಲಿ ಅಂತ. ಉದ್ದ. ಡಿಸೈನ್ ಕೆಡುತ್ತೆ. ಸರಿಯಾಗಿ ಓದಲೂ ಇಲ್ಲ, ಕೆಳಗೆ 'ಸಾಮಾನ್ಯ ಪ್ರಶ್ನೆಗಳು' ಒಳಗೆ ಪೇಸ್ಟ್ ಮಾಡಿದೆ. ಮೇಲೆ ಬರೀ ತಿಳಿನೀಲಿ, ಬೇಕಾದಷ್ಟು ಖಾಲಿ ಜಾಗ. ನೋಡಿದರೆ ಉಸಿರು ನಿಧಾನ ಆಗಬೇಕು... ಹಾಗೇ ಬಂದಿದೆ.

ಜೂನ್ 9, ಸೋಮವಾರ ಬೆಳಗ್ಗೆ

ಎದ್ದಾಗ ನಮ್ಮ ಸಿಂಗಸಂದ್ರದ ಬೀದಿಯೇ ದೂರ ಹೋಗಿತ್ತು. ಲಾರಿ, ಹಾರ್ನ್, ಮೇಲಿನ ಮನೆಯವರ ಮಿಕ್ಸಿ — ಎಲ್ಲ ಯಾರೋ ಪರದೆ ಎಳೆದ ಹಾಗೆ. ಎಡಗಿವಿಗೆ ಹತ್ತಿ ತುರುಕಿದಂತೆ. ನಿನ್ನೆ ತಲೆಗೆ ಸ್ನಾನ ಮಾಡಿದ್ದೆ, ನೀರು ಹೋಗಿರಬೇಕು.

ಹೇಳಬಾರದು, ಆದರೆ ಹಿತವಾಗಿತ್ತು. ಎಷ್ಟೋ ಹೊತ್ತು ಹಾಗೇ ಮಲಗಿದ್ದೆ. ಅಮರೇಶ್ ಪಕ್ಕದಿಂದ ಯಾವಾಗ ಎದ್ದರೋ, ಯಾವಾಗ ಬಂದರೋ ಗೊತ್ತಾಗಲಿಲ್ಲ. ಕಾಫಿ ಲೋಟ ತಾನೇ ತೇಲಿಕೊಂಡು ಬಂದು ಪಕ್ಕದಲ್ಲಿ ಕೂತ ಹಾಗಿತ್ತು.

ಜೂನ್ 11, ಬುಧವಾರ

ನೀರು ಇನ್ನೂ ಇಳಿದಿಲ್ಲ. ನಿಶ್ಶಬ್ದದ ಒಳಗೇ ಒಂದು ಸಣ್ಣ ಝೇಂಕಾರ, ತಂಬೂರಿ ಶ್ರುತಿ ಹಾಗೆ. ಅದನ್ನ ಕೇಳ್ತಾ ಕೆಲಸ ಮಾಡಿದೆ. ಬಣ್ಣಗಳು ಜಾಸ್ತಿ ಗಾಢವಾಗಿ ಕಾಣ್ತಿವೆ. ರೋಡಲ್ಲಿ ಬಸ್ಸುಗಳು ಮೀನಿನ ಹಾಗೆ ಬಂದು ಹೋದವು.

ದಾವಣಗೆರೆಯಿಂದ ಅಮ್ಮನ ಫೋನ್. ಬಲಗಿವಿಗೆ ಬದಲಾಯಿಸಿಕೊಂಡೆ.

"ಯಾಕೆ ಶೈಲು, ಬರೀ ಹಾಂ, ಹಾಂ ಅಂತೀಯ?"

"ಟವರ್ ಸರಿ ಇಲ್ಲಮ್ಮ."

ಊಟಕ್ಕೆ ಕೂತಾಗ ಅಮರೇಶ್ — "ಕೂಗಿದ್ರೂ ತಿರುಗಲ್ಲ. ನನ್ ಮೇಲೆ ಕೋಪಾನಾ?"

ಇಲ್ಲ ಅಂದೆ. ಸೈಟ್ ಲೈವ್ ಆಗಲಿ, ಆಮೇಲೆ ತೋರಿಸಿಕೊಂಡರಾಯ್ತು.

ಜೂನ್ 13, ಶುಕ್ರವಾರ, ಹತ್ತು ಗಂಟೆ

ನಿನ್ನೆ ಸೈಟ್ ಲೈವ್ ಆಯ್ತು. ಬೆಳಗ್ಗೆ ತೆರೆದರೆ ನನ್ನ ತಿಳಿನೀಲಿಯ ನೆತ್ತಿ ಮೇಲೆ ದಪ್ಪ ಕೆಂಪು ಅಕ್ಷರ. ಮೈಯೆಲ್ಲ ಉರೀತು. ಓದದೇ ದಾನೇಶ್ವರಿಗೆ ಫೋನ್ ಮಾಡಿದೆ. ಅಭ್ಯಾಸಬಲ, ಎಡಗಿವಿಗೇ ಹಿಡಿದಿದ್ದೆ. ನೀರಿನಡಿ ಯಾರೋ ಗೊಣಗಿದ ಹಾಗೆ. ಬಲಕ್ಕೆ ಬದಲಾಯಿಸಿದೆ.

"...ಮೂರ್ ಸಲ ಹೇಳೀನ್ರಿ ಮೇಡಂ. ಡಾಕ್ಟರ್ ಅದು ಮ್ಯಾಲ ಇರ್ಬೇಕಂತ ಹೇಳಿದ್ರು. ಕೆಳಗ ಯಾರ್ ಹುಡುಕ್ತಾರ್ರಿ? ಅದಕ್ಕ ನಾನ ಎತ್ತಿ ಇಟ್ಟೆ."

"ಕೆಂಪು ಯಾಕೆ?"

"ಕಾಣ್ಲಿ ಅಂತ್ರಿ."

ತೆಗೆಯೋಣ ಅಂತ ಮೌಸ್ ಇಟ್ಟಾಗ ಓದಿದೆ. ‘ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ, ನೀರು ಹೋಗಿದೆ, ಗುಗ್ಗೆ ಕಟ್ಟಿದೆ ಎಂದುಕೊಂಡು ಕಾಯಬೇಡಿ. ಅವತ್ತೇ ಬನ್ನಿ. ತಡವಾದಷ್ಟೂ ಕೇಳುವಿಕೆ ಮರಳುವುದು ಕಷ್ಟ.’

ಆ ಕಡೆ ಅವಳು ಹಲೋ, ಹಲೋ ಅಂತಿದ್ದಳು.

"ದಾನೇಶ್ವರಿ... ಸೋಮವಾರದಿಂದ ನನಗೆ ಎಡಗಿವಿ ಕೇಳ್ತಿಲ್ಲ."

ಅವಳು ಮೆತ್ತಗೆ — "ಈಗ ಹೊಂಡ್ರಿ ಮೇಡಂ. ನಾ ಡಾಕ್ಟರ್‌ಗೆ ಹೇಳಿರ್ತೀನಿ."

ಅದೇ ದಿನ, ಸಂಜೆ

ಗಾಜಿನ ಕಿಟಕಿಯ ಪುಟ್ಟ ರೂಮು. ಕಿವಿಗೆ ಹೆಡ್‌ಫೋನ್. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಬಲಗಡೆ ಹಕ್ಕಿಗಳು ಒಂದೊಂದಾಗಿ ಬಂದು ಕೂತವು. ಎಡಗಡೆ ಕಾದೆ. ಗಾಜಿನಾಚೆ ಹುಡುಗಿ ಡಯಲ್ ತಿರುಗಿಸ್ತಾನೇ ಇದ್ದಳು. ಅವಳ ಮುಖ ನೋಡಬಾರದು ಅಂತ ಕಣ್ಣು ಮುಚ್ಚಿದೆ.

ಡಾ. ಸೌಮ್ಯಾ — "ನರದ ತೊಂದರೆ. ನೀರಲ್ಲ. ಇವತ್ತಾದ್ರೂ ಬಂದ್ರಲ್ಲ. ಇನ್ನೂ ವಾರಗಟ್ಟಲೆ ಬಿಟ್ಟಿದ್ರೆ ನನ್ನ ಕೈಯಲ್ಲಿ ಹೆಚ್ಚೇನೂ ಇರ್ತಿರ್ಲಿಲ್ಲ."

"ಪೂರ್ತಿ ಬರುತ್ತಾ?" ಜೊತೆಗೆ ಬಂದಿದ್ದ ಅಮರೇಶ್ ಕೇಳಿದರು.

"ಈಗಲೇ ಹೇಳೋಕಾಗಲ್ಲ. ಕೆಲವರಿಗೆ ಬರುತ್ತೆ."

ಸ್ಟಿರಾಯ್ಡ್ ಮಾತ್ರೆ ಇವತ್ತಿಂದಲೇ. ಮನೆಗೆ ಬಂದು ಮೊದಲು ಸೈಟ್ ತೆರೆದೆ. ಕೆಂಪನ್ನ ಮುಟ್ಟಲಿಲ್ಲ. ಸುತ್ತಲಿನ ಖಾಲಿ ಜಾಗ ತಗ್ಗಿಸಿದೆ.

ಜೂನ್ 21, ಶನಿವಾರ

ಎಷ್ಟು ದಿನ ಬರೆದಿಲ್ಲ. ಮಾತ್ರೆಗೆ ನಿದ್ದೆ ತುಂಡು ತುಂಡು. ಕಿವಿಯೊಳಗೇ ಇಂಜೆಕ್ಷನ್ ಕೊಟ್ಟರು — ತಲೆ ತಿರುಗಿ ಮಂಚ ದೋಣಿ ಆಯ್ತು, ಗೋಡೆ ಅಲೆ. ಅಮರೇಶ್ ಭುಜ ಹಿಡಿದು ದಡಕ್ಕೆ ಎಳೆದುಕೊಂಡರು.

ಹಗಲಲ್ಲೇ ಕನಸು. ತಿಳಿನೀಲಿ ಪುಟ, ಅಂಚೇ ಇಲ್ಲ. ಅದರ ಮೇಲೆ ಅಮ್ಮ ನಡೆದು ಹೋಗ್ತಿದ್ದಾಳೆ. ತುಟಿ ಆಡ್ತಿದೆ. ನಾನು ಎಲ್ಲೆಲ್ಲೋ ಒತ್ತುತ್ತೀನಿ, ಸದ್ದು ಹತ್ತಲ್ಲ.

ಎದ್ದವಳೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ.

"ಟವರ್ ಅಂದ್ಯಲ್ಲೇ," ಅಂದಳು. ಮೂಗು ಎಳೆದ ಸದ್ದು. "ನಾಳೆ ಬಸ್ ಹತ್ತುತ್ತೀನಿ. ರೊಟ್ಟಿ ತರ್ಲಾ?"

ಜುಲೈ 4, ಶುಕ್ರವಾರ

ಮತ್ತೆ ಆ ಗಾಜಿನ ರೂಮು. ಈ ಸಲ ಎಡಗಡೆಯೂ ಕೆಲವು ಸದ್ದು ಬಂದವು. ಗುಡುಗಿನಂಥವು, ಗುಮ್ಮಟೆ ವಾದ್ಯದ ಬಡಿತದಂಥವು. ಸಣ್ಣ ದನಿಯವು ಬರಲಿಲ್ಲ. ಗ್ರಾಫ್‌ನ ಗೆರೆ ಅರ್ಧ ಮೆಟ್ಟಿಲು ಹತ್ತಿ ನಿಂತಿದೆ.

ಡಾ. ಸೌಮ್ಯಾ — "ಇಷ್ಟು ಬಂದಿದ್ದು ಒಳ್ಳೇದೇ. ಉಳಿದದ್ದು ಬರದೇನೂ ಇರಬಹುದು, ಶೈಲಜಾ. ಸುಳ್ಳು ಹೇಳಲ್ಲ."

ಅವರ ಮುಂದೆ ತಲೆಯಾಡಿಸಿದೆ. ಹೊರಗೆ ಬಂದು ಅತ್ತೆ. ಅಮ್ಮ ಬೆನ್ನು ಸವರ್ತಾ ಕೂತಳು. ದಾನೇಶ್ವರಿ ತನ್ನ ಕುರ್ಚಿ ಎತ್ತಿಕೊಂಡು ಬಂದು ನನ್ನ ಬಲಗಡೆ ಹಾಕಿಕೊಂಡಳು.

"ಫೋಟೋ ಹಾಕೋದು ಹೆಂಗಂತ ಹೇಳಿಕೊಡ್ತೀನಂದಿದ್ರಿ."

ಕಣ್ಣು ಒರೆಸಿಕೊಂಡು ಹೇಳಿಕೊಟ್ಟೆ. ಕೆಲಸ ಮಾಡ್ತಾ ಮಾಡ್ತಾ ದುಃಖ ಎಲ್ಲೋ ಕರಗಿ, ಬರೀ ಸುಸ್ತು ಉಳೀತು.

ಜುಲೈ 6, ಭಾನುವಾರ

ಅಮ್ಮನ್ನ ಬಸ್ ಹತ್ತಿಸಿ ಬಂದು, ಸಂಜೆ ಕೆರೆ ಏರಿ ಮೇಲೆ ನಡೆದೆವು. ಈಚೆಗೆ ಅಮರೇಶ್ ಯಾವಾಗಲೂ ಬಲಗಡೆ. ಇವತ್ತು ಸೈಕಲ್‌ಗೆ ದಾರಿ ಬಿಡೋಕೆ ಹೋಗಿ ಎಡಕ್ಕೆ ಬಂದರು, ಹಾಗೇ ಉಳಿದರು. ಮರೆತೇ ಹೋಗಿತ್ತೇನೋ. ನಾನೂ ನೆನಪು ಮಾಡಲಿಲ್ಲ.

ನೀರು ಬೂದಿ ಬಣ್ಣ. ಅಪಾರ್ಟ್‌ಮೆಂಟ್‌ಗಳ ದೀಪ ಅದರೊಳಗೆ ಒಂದೊಂದೇ ಹತ್ತಿಕೊಳ್ತಿದ್ದವು. ಅವರೇನೋ ಅಂದರು, ತಗ್ಗಿದ ದನಿಯಲ್ಲಿ. 'ಮಳೆ' ಅಂದರೋ 'ಮನೆ' ಅಂದರೋ. ಒಂದು ದನಿ ಅಂತೂ ಬಂತು — ಎಡಗಡೆಯಿಂದಲೇ. ಏನು ಅಂತ ತಿರುಗಿ ಕೇಳಲಿಲ್ಲ. ಕೈ ಹಿಡ್ಕೊಂಡೆ. ಆಮೇಲೆ ಅವರು ಇನ್ನೊಂದು ಮಾತು ಅಂದರು; ಅದನ್ನೂ ಎಡಗಿವಿಯಲ್ಲೇ ಕೇಳಿಸಿಕೊಂಡೆ.