ಜಾಲಿದಿನ್ನಿಯ ಅತಿಥಿಮಗು

ಜೂನ್ ಮೂವತ್ತೊಂದು, ೨೧೬೧

ಮಾನ್ಯರೇ,

ನಿಮ್ಮ ಜೂನ್ ತಿಂಗಳಿಗೆ ಮೂವತ್ತೇ ದಿನ ಎಂಬುದು ನನಗೆ ಗೊತ್ತು. ನಾವು ತಿಂಗಳುಗಳನ್ನು ಬದಲಿಸಿಕೊಂಡಿದ್ದೇವೆ, ಭಾಷೆಯೂ ಅಷ್ಟಿಷ್ಟು ಬದಲಾಗಿದೆ. ನಿಮ್ಮ ಕಾಲದ ಕಡತಗಳನ್ನು ಓದಿ ಕಲಿತ ಕನ್ನಡದಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನನ್ನ ಹೆಸರು ಶಶಿರೇಖಾ. ಈ ತಾಲೂಕಿನ ಆರೋಗ್ಯಾಧಿಕಾರಿ. ಬರುವ ಸೋಮವಾರ ನನ್ನ ಏಳು ವರ್ಷದ ಮಗ ಇಂದುಧರನನ್ನು ಜಾಲಿದಿನ್ನಿಗೆ ಕಳಿಸಬೇಕಾಗಿದೆ. ಅಲ್ಲಿಗೆ ನದಿಯಿಂದ ನಾಲ್ಕು ಮೈಲಿ ಪೈಪು ಎಳೆಯುವ ಕಡತದ ಮೇಲೆ 'ಮುಂದಿನ ವರ್ಷ ಪರಿಶೀಲಿಸಿ' ಎಂದು ಮೊದಲು ಬರೆದ ಅಧಿಕಾರಿ ನೀವು. ಹಾಗಾಗಿ ಈ ಕಾಗದ ನಿಮಗೆ.

ನಮ್ಮಲ್ಲಿ ಸಮನೀರು ಕಾಯ್ದೆ ಎಂಬುದೊಂದಿದೆ. ಪ್ರತಿ ತಾಲೂಕಿನಲ್ಲೂ ವರ್ಷಕ್ಕೊಮ್ಮೆ ಯಾವ ಊರಿನಲ್ಲಿ ಅತಿ ಹೆಚ್ಚು ಮಕ್ಕಳು ಸತ್ತರೆಂದು ನೋಡುತ್ತಾರೆ. ಅದಕ್ಕೆ ಕೊನೆಯೂರು ಎಂದು ಹೆಸರು. ಆರೋಗ್ಯಾಧಿಕಾರಿ ತನ್ನ ಒಂದು ಮಗುವನ್ನು ಆ ಊರಿನ ಒಂದು ಮನೆಯಲ್ಲಿ ಬಿಡಬೇಕು. ಅದು ಅಲ್ಲಿಯದೇ ಊಟ ಉಣ್ಣಬೇಕು, ಅಲ್ಲಿಯದೇ ನೀರು ಕುಡಿಯಬೇಕು. ಕಾಯ್ದೆ ಅದನ್ನು ಅತಿಥಿಮಗು ಎನ್ನುತ್ತದೆ, ಜನ ಒತ್ತೆಮಗು ಎನ್ನುತ್ತಾರೆ. ಆ ಮಗು ಸತತ ಆರು ತಿಂಗಳು ಒಮ್ಮೆಯೂ ಕಾಯಿಲೆ ಬೀಳದಿದ್ದರೆ ಊರು ಸುಧಾರಿಸಿತೆಂದು ಅರ್ಥ. ಆಗ ಮಾತ್ರ ಕೊನೆಯೂರು ಎಂಬ ಹೆಸರು ಹೋಗುತ್ತದೆ, ಮಗುವನ್ನು ಮನೆಗೆ ಕರೆತರಬಹುದು.

ಕಾಯ್ದೆ ಫಲ ಕೊಟ್ಟಿತು, ಇದನ್ನು ನಾನು ಮುಚ್ಚಿಡಲಾರೆ. ಅರವತ್ತು ವರ್ಷ ಆಗದಿದ್ದ ರಸ್ತೆಗಳು ಹನ್ನೊಂದು ವಾರದಲ್ಲಿ ಆದವು. ನಿಮ್ಮ ಕಾಲದ ಭಾಷಣಗಳು ಮಾಡದ್ದನ್ನು ಒಬ್ಬ ಅಧಿಕಾರಿಯ ಮಗಳ ವಾಂತಿ ಮಾಡಿತು.

ಆ ಮಗಳು ನಾನು. ನನ್ನ ತಂದೆ ಇದೇ ಹುದ್ದೆಯಲ್ಲಿದ್ದರು. ಏಳನೆಯ ವಯಸ್ಸಿನಲ್ಲಿ ನನ್ನನ್ನು ಜಾಲಿದಿನ್ನಿಯ ಸಾಬಮ್ಮ ಎಂಬವರ ಮನೆಯಲ್ಲಿ ಬಿಟ್ಟರು. ಪರಸಿಕಲ್ಲಿನ ಚಪ್ಪಡಿ ಹೊದಿಸಿದ ಎರಡು ಕೋಣೆ, ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನದೇ ವಯಸ್ಸಿನ ದೇವಕ್ಕೆಮ್ಮ ಸಾಬಮ್ಮನಿಗೆ ಉಳಿದಿದ್ದ ಒಬ್ಬಳೇ ಮಗಳು. ನಾನು ಹೋದ ವಾರವೇ ಊರಿಗೆ ದೊಡ್ಡ ತೊಟ್ಟಿ ಬಂತು. ದಿನಾ ಟ್ಯಾಂಕರಿನವರು ಅದಕ್ಕೆ ಶುದ್ಧ ನೀರು ತುಂಬುತ್ತಿದ್ದರು. ನರ್ಸೊಬ್ಬಳು ಊರಿನಲ್ಲೇ ಉಳಿದಳು. ಅತಿಥಿಮಗು ಕಾಯಿಲೆಯಿಂದ ಮಲಗಿದರೆ ಮನೆಯ ಮಾಳಿಗೆಯ ಮೇಲೆ ಕೆಂಪು ಬಾವುಟ ಏರಿಸಬೇಕು, ಮೂರು ಗಂಟೆಯೊಳಗೆ ಡಾಕ್ಟರ್ ಬರಬೇಕು. ಬಾವುಟ ಕಂಡರೆ ಸಾಕು, ಊರಿನ ತಾಯಂದಿರು ಜ್ವರದ ಮಕ್ಕಳನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಓಡಿ ಬರುತ್ತಿದ್ದರು. ನನ್ನನ್ನು ನೋಡಲು ಬಂದ ಡಾಕ್ಟರ್ ಸಂಜೆಯವರೆಗೆ ಅವರನ್ನೂ ನೋಡಿ ಹೋಗುತ್ತಿದ್ದರು.

ಬಾವುಟ ತಿಂಗಳು ತಿಂಗಳೂ ಏರುತ್ತಿತ್ತು. ಎಲ್ಲರೂ ತೊಟ್ಟಿಯ ನೀರು ಕುಡಿದು ಚೆನ್ನಾಗಿರುವಾಗ ನನಗೊಬ್ಬಳಿಗೇ ಭೇದಿ. ನನಗೆ ಮಾತ್ರ ಸಾಬಮ್ಮ ಹಿತ್ತಾಳೆಯ ಚರಿಗೆಯಲ್ಲಿ ಬೇರೆ ನೀರು ಕೊಡುತ್ತಿದ್ದರು. ಅಧಿಕಾರಿಯ ಮಗಳೆಂಬ ಗೌರವ ಅಂದುಕೊಂಡಿದ್ದೆ. ಒಂದು ದಿನ ಕುಂಟಾಟದಲ್ಲಿ ಸೋತ ಸಿಟ್ಟಿಗೆ ದೇವಕ್ಕೆಮ್ಮ ಅಂದುಬಿಟ್ಟಳು: "ಭಾಳ ಮೆರೀಬ್ಯಾಡ ಹೋಗ. ನಿನ್ನ ಚರಿಗ್ಯಾಗಿಂದು ಹಳೇ ಬಾವಿ ನೀರು. ನೀ ಅರಾಮ ಆದ್ರ ಡಾಕ್ಟರ ಬರಂಗಿಲ್ಲಂತ ನಮ್ಮವ್ವ ಕುಡಸ್ತಾಳ."

ನಾನು ಸಾಬಮ್ಮನನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೌದವ್ವ, ಕೊಡ್ತೀನಿ. ನೀ ಮಲಗಿದ್ರ ಊರು ಏಳ್ತದ. ಸಾಯೋವಷ್ಟು ಕೊಡಂಗಿಲ್ಲ, ಅಳತಿ ನೋಡೇ ಕೊಡ್ತೀನಿ. ನನ್ನವು ಮೂರು ಹೋದಾಗ ಒಂದು ನಾಯಿ ಸೈತ ಬರಲಿಲ್ಲ ಇಲ್ಲಿಗೆ."

ನಾನು ಯಾರಿಗೂ ಹೇಳಲಿಲ್ಲ. ಒಳ್ಳೆಯತನವಲ್ಲ, ಭಯ. ಆದರೆ ನಾನು ಆ ನೀರು ಕುಡಿದ ಹದಿನಾಲ್ಕು ತಿಂಗಳಲ್ಲಿ ಜಾಲಿದಿನ್ನಿಯಲ್ಲಿ ಒಂದು ಮಗುವೂ ಸಾಯಲಿಲ್ಲ.

ಹದಿನೈದನೆಯ ತಿಂಗಳು ನನಗೆ ಭೇದಿಯಲ್ಲಿ ರಕ್ತ ಹೋಗತೊಡಗಿತು. ಸಾಬಮ್ಮ ಮೂರು ದಿನ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾಲ್ಕನೆಯ ದಿನ ಎದ್ದುಹೋಗಿ ಚರಿಗೆಗೆ ತೊಟ್ಟಿಯ ನೀರು ತುಂಬಿಕೊಂಡು ಬಂದರು. ಆಮೇಲೆ ಒಮ್ಮೆಯೂ ಬಾವಿಯ ನೀರು ಕೊಡಲಿಲ್ಲ. ಆರು ತಿಂಗಳು ಬಾವುಟ ಏರಲಿಲ್ಲ. ಊರು ಸುಧಾರಿಸಿತೆಂದು ಇಲಾಖೆ ಘೋಷಿಸಿತು. ಅಧಿಕಾರಿಗಳು ಸಾಬಮ್ಮನಿಗೆ ಶಾಲು ಹೊದಿಸಿದರು, ನಾನು ಮನೆಗೆ ಬಂದೆ. ಟ್ಯಾಂಕರು, ನರ್ಸು, ಡಾಕ್ಟರ್ ಮುಂದಿನ ಕೊನೆಯೂರಿಗೆ ಹೊರಟರು, ತೊಟ್ಟಿ ಒಣಗಿತು. ಜನ ಮತ್ತೆ ಬಾವಿಗೆ ಹೋದರು. ಆ ಬೇಸಿಗೆಯಲ್ಲಿ ಐದು ಮಕ್ಕಳು ವಾಂತಿಭೇದಿಯಿಂದ ಸತ್ತರು. ಎರಡನೆಯವಳು ದೇವಕ್ಕೆಮ್ಮ.

ಮೂವತ್ತೇಳು ವರ್ಷಗಳ ನಂತರ ಜಾಲಿದಿನ್ನಿ ಮತ್ತೆ ಕೊನೆಯೂರು. ಟ್ಯಾಂಕರು ಯಾವಾಗ ಬೇಕಾದರೂ ಹಿಂದಿರುಗಿ ಹೋಗುತ್ತದೆ, ನೆಲದಲ್ಲಿ ಹೂತ ಪೈಪು ಹೋಗುವುದಿಲ್ಲ. ನಿಮ್ಮ ಹಳೆಯ ಕಡತವನ್ನು ಹುಡುಕಿ ತೆಗೆದು ಮಂಜೂರು ಮಾಡಿಸಿದ್ದೇನೆ. ಕೆಲಸ ಮುಗಿಯಲು ಒಂದೂವರೆ ವರ್ಷ ಬೇಕು. ಕೊನೆಯೂರು ಎಂಬ ಹಣೆಪಟ್ಟಿ ಕಳಚಿದ ದಿನವೇ ಕೆಲಸ ನಿಲ್ಲುತ್ತದೆ. ನನ್ನ ಮಗ ಗಟ್ಟಿಮುಟ್ಟಾಗಿದ್ದರೆ ಆರೇ ತಿಂಗಳಲ್ಲಿ ಮನೆಗೆ ಬರುತ್ತಾನೆ, ಅಗೆದ ಹೊಂಡ ಹಾಗೇ ಉಳಿಯುತ್ತದೆ.

ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಮೇಜಿನ ಮೇಲೆ ಆ ಕಡತ ಇನ್ನೂ ಹೊಸದಾಗಿದೆ. ಸಹಿ ಹಾಕಿ. ನಿಮಗೆ ಅದು ಒಂದು ಮಧ್ಯಾಹ್ನದ ಕೆಲಸ. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ನಿಮ್ಮ ಮಕ್ಕಳು ಬೇರೆ ನೀರು ಕುಡಿಯುತ್ತಾರೆ ಅಷ್ಟೆ. ನೀವು ಸಹಿ ಹಾಕುವುದಿಲ್ಲವೆಂಬುದು ನನಗೆ ಗೊತ್ತಿದೆ, ಕಡತ ನನ್ನ ಮುಂದೆಯೇ ಇದೆ. ಆದರೂ ಕೇಳದೆ ಇರಲಾಗಲಿಲ್ಲ.

ಸಾಬಮ್ಮನಿಗೆ ಈಗ ಎಪ್ಪತ್ತೆರಡು. ಒತ್ತೆಮಗುವನ್ನು ತಮ್ಮ ಮನೆಯಲ್ಲೇ ಇಡಬೇಕೆಂದು ಅವರೇ ಕೇಳಿಕೊಂಡಿದ್ದಾರೆ, ನಾನು ಒಪ್ಪಿದ್ದೇನೆ. ಈ ಸಲ ಪೈಪಿನಲ್ಲಿ ನೀರು ಬರುವವರೆಗೆ ಕನಿಕರ ಪಡಬಾರದೆಂದು ಅಲ್ಲಿಗೆ ಹೊಸದಾಗಿ ಹೋದ ನರ್ಸಿನ ಕೈಲಿ ಹೇಳಿ ಕಳಿಸಿದೆ. ಅವರು ಒಂದೇ ಪ್ರಶ್ನೆ ಕೇಳಿ ಕಳಿಸಿದರು: "ಹುಡುಗನ ತೂಕ ಎಷ್ಟದ?"

ಇಪ್ಪತ್ತೊಂದು ಕಿಲೋ ಎಂದು ತಿಳಿಸಿದ್ದೇನೆ.