ಪುಟ 112ರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದವರಿಗೆ

ಎಲುಬುಮನೆ, ಮಲಪ್ರಭೆಯ ದಂಡೆ
ಚೈತ್ರ 35, ಕ್ರಿ.ಶ. 2419

ಮಾನ್ಯರೇ,

ಚೈತ್ರಕ್ಕೆ ಮೂವತ್ತೈದನೇ ದಿನ ಎಲ್ಲಿಂದ ಬಂತು ಎನ್ನಬೇಡಿ. ನಮ್ಮ ತಿಂಗಳುಗಳು ಉದ್ದವಾಗಿವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ಓದಿ ಬಲ್ಲೆ, ಕೇಳಿ ಗೊತ್ತಿಲ್ಲ.

ಸಾಹಿತ್ಯ ಓದಿದ ನಾನು ಹೋದ ವರ್ಷ ಈ ಎಲುಬುಮನೆಗೆ ಓದುಗಿತ್ತಿಯಾಗಿ ಸೇರಿದೆ. ಹೊಳೆದಂಡೆಯ ಮಣ್ಣಿನಿಂದ ಹಳೆಯ ಪ್ರಾಣಿಗಳ ಮೂಳೆ ಬಿಡಿಸಿ ಕಾಪಾಡುವ ಜಾಗವಿದು. ಇಲ್ಲಿ ‘ಜೋಡಿ ಓದು’ ಎಂಬ ಪದ್ಧತಿಯಿದೆ. ಅಗೆಯುವವರ ಎದುರು ಇಬ್ಬರು ಕೂತು, ಮಣ್ಣಿನಲ್ಲಿ ಮೂಳೆ ಹೇಗೆ ಉಳಿಯುತ್ತದೆಂಬ ಪುಸ್ತಕವನ್ನು ಒಬ್ಬರು, ಬೆನ್ನೆಲುಬಿರುವ ಪ್ರಾಣಿಗಳ ಅಸ್ಥಿರಚನೆಯ ಪುಸ್ತಕವನ್ನು ಇನ್ನೊಬ್ಬರು, ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ಓದುಗರು ಕೆಟ್ಟಿದೆ ಎಂದ ಮೂಳೆಯನ್ನು ಹೊತ್ತು ಮುಳುಗುವ ಮೊದಲು ಒರಳಲ್ಲಿ ಕುಟ್ಟಿ ಹೊಳೆಗೆ ಬಿಡುತ್ತಾರೆ. ಗಟ್ಟಿಯಾಗಿ ಓದಲು ನನಗೆ ಹೆದರಿಕೆಯಿಲ್ಲ, ಅದು ಬೇರೆಯವರ ಮಾತು. ನನ್ನದೇ ಮಾತಾದರೆ ಬಾಯಿ ಕಟ್ಟುತ್ತದೆ.

ಹೋದ ವಾರ ನನ್ನ ಜೊತೆಗಾತಿ ಜೈಬುನ್ನೀಸಾಳಿಗೆ ಜ್ವರ. ಅಂದು ನನ್ನ ಪಾಲಿನ ಮಣ್ಣಿನ ಪುಸ್ತಕವೊಂದನ್ನೇ ಓದಿದೆ. ಮಣ್ಣಿನಿಂದ ಎದ್ದ ಮೂಳೆಗಳು ಹಗುರವಾಗಿದ್ದವು, ಒಳಗೆ ಟೊಳ್ಳು. ಒಳಗು ಕರಗಿದ ಮೂಳೆ ನಿಲ್ಲುವುದಿಲ್ಲ ಎಂದು ನನ್ನ ಪುಸ್ತಕದಲ್ಲಿತ್ತು. ಕೆಟ್ಟಿದೆ ಎಂದುಬಿಟ್ಟೆ.

ಎಲ್ಲರೂ ರೊಟ್ಟಿ ತಿನ್ನುವಾಗ ಸುಮ್ಮನೆ ಜೈಬುನ್ನೀಸಾಳ ಪುಸ್ತಕ ತೆರೆದೆ. ಹಕ್ಕಿಗಳ ಅಧ್ಯಾಯದ ಅಂಚಿನಲ್ಲಿ ನೀವಿದ್ದಿರಿ: ‘ಟೊಳ್ಳು ಅಂತ ಎಸೀಬೇಡಿ. ನಾನು ಎಸೆದಿದ್ದೆ. ಮುರಿದ ತುದಿಯನ್ನ ಬಿಸಿಲಿಗೆ ಹಿಡಿದು ನೋಡಿ.’

ಬುಟ್ಟಿಯಿಂದ ಒಂದನ್ನು ತೆಗೆದು ಹಿಡಿದೆ. ಒಳಗೆ ಗೋಡೆಯಿಂದ ಗೋಡೆಗೆ ಕೂದಲೆಳೆಯಂಥ ಆಸರೆಕಡ್ಡಿಗಳು. ಕರಗಿದ ಮೂಳೆಯಲ್ಲ, ಹುಟ್ಟಿನಿಂದಲೇ ಟೊಳ್ಳಾದ ಹಕ್ಕಿಯ ಮೂಳೆ.

ಅಷ್ಟರಲ್ಲಿ ಬುಟ್ಟಿ ಒರಳಿನ ಹತ್ತಿರ ಹೋಗಿತ್ತು. ಓಡಿಹೋಗಿ ಎಲ್ಲರೆದುರು, “ನಾ ಹೇಳಿದ್ದು ತಪ್ಪೈತ್ರಿ” ಎಂದೆ.

ಎಲುಬುಮನೆಯ ಹಿರಿಯಳು ಗುರುಬಸವ್ವ ಒನಕೆ ಕೆಳಗಿಟ್ಟಳು. “ಓದೂದು ಬಿಟ್ರ ನಿನಗ ಬಾಯಿನ ಇಲ್ಲ ಅಂದ್ಕೊಂಡಿದ್ನೆವಾ. ಇದನ್ನ ಯಾರು ಹೇಳ್ಯಾರ ನಿನಗ?”

ಪುಸ್ತಕ ತಂದು ನಿಮ್ಮ ಸಾಲು ತೋರಿಸಿದೆ. ಪಾದದ ಮೂಳೆಗಳನ್ನು ಅವಳೇ ಆ ಅಧ್ಯಾಯದ ಚಿತ್ರದ ಪಕ್ಕ ಜೋಡಿಸಿದಳು. ಮೂರೇ ಬೆರಳು, ಹಿಂಬೆರಳಿಲ್ಲ. ಅದು ಎರೆಭೂತ, ಎರೆನೆಲದಲ್ಲಿ ನಡೆದಾಡುತ್ತಿದ್ದ ದೊಡ್ಡ ಹಕ್ಕಿ. ನಮ್ಮಲ್ಲಿ ಅದರ ಗರಿಯೂ ಉಳಿದಿರಲಿಲ್ಲ.

ಹೊಸಬರಿಗೆ ಓದಿನ ಪಟ್ಟಿ ಬರೆಯುವ ಕೆಲಸ ಈಗ ನನ್ನದು. ಎರಡೂ ಪುಸ್ತಕಗಳನ್ನು ಸೇರಿಸಿದ್ದೇನೆ, ಒಂದನ್ನೇ ಓದಬಾರದೆಂದೂ ಬರೆದಿದ್ದೇನೆ. ಮೂರನೆಯದು ನಿಮ್ಮ ಅಂಚು. ಪುಸ್ತಕದಲ್ಲಿ ಗೀಚಬಾರದೆಂದು ಗ್ರಂಥಾಲಯದ ಮುದ್ರೆ ಮೊದಲ ಪುಟದಲ್ಲೇ ಇದೆ. ಅದನ್ನು ಮೀರಿದ ನೀವು ಯಾರು? ಎಸೆದದ್ದು ಯಾವ ಹಕ್ಕಿ? ಯಾರಾದರೂ ಬೈದರೇ?

ಪಟ್ಟಿಯಲ್ಲಿ ನಿಮ್ಮ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮ ಕಾಲದಲ್ಲಿ ಪುಸ್ತಕ ಇನ್ನೂ ನಿಮ್ಮ ಕೈಯಲ್ಲಿದ್ದರೆ, ಹಿಂದಿರುಗಿಸುವ ಮೊದಲು ಆ ಸಾಲಿನ ಕೆಳಗೆ ಹೆಸರು ಬರೆಯಿರಿ.

ನಾಳೆ ಬೆಳಿಗ್ಗೆ ಆ ಪುಟ ತೆರೆದು ನೋಡುತ್ತೇನೆ.

ನೀಲಾಂಬಿಕೆ