ಮೂಗಿಗೆ ಎಷ್ಟು?

ಫೆಬ್ರವರಿ 3, ಸೋಮವಾರ

ಹಳದಿ ಪುಸ್ತಕದಲ್ಲಿ ಇವತ್ತಿನದು ಬರೆದು ಮುಗಿಸಿದೆ. ಬೆಳಿಗ್ಗೆ ಕಾಫಿ, ವಾಸನೆ ಇಲ್ಲ. ಕೋಳಿ ಕರಿದೆ, ವಾಸನೆ ಇಲ್ಲ. ತಲೆನೋವು ಹತ್ತಕ್ಕೆ ಮೂರು. ದಿನಾ ಹೀಗೆ ಬರೆಯಬೇಕೆಂದು ವಕೀಲ ಹಾರ್ಗ್ರೋವ್ ಅಪ್ಪಣೆ. ಪರಿಹಾರದ ಲೆಕ್ಕಕ್ಕೆ ಬೇಕಂತೆ. ಅದು ಅವನ ಪುಸ್ತಕ. ಇದು ನನ್ನದು, ಯಾರೂ ಓದಕೂಡದು.

ನಾಲ್ಕು ತಿಂಗಳಾಗುತ್ತ ಬಂತು. ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದೆ. ದೋಣಿ ಎಳೆದುಕೊಂಡು ಬಂದ ಪಿಕಪ್ ಹಿಂದಿನಿಂದ ಗುದ್ದಿತು. ತಲೆ ಕಿಟಕಿಗೆ ಬಡಿಯಿತು. ಏಳು ಹೊಲಿಗೆ. ಹೊಲಿಗೆ ಬಿಚ್ಚಿದರು, ಗಾಯ ಮಾಯಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಮೂಗು ಇದ್ದಲ್ಲೇ ಇದೆ. ನೆಗಡಿಯೂ ಆಗುತ್ತದೆ. ಎಂಥ ವಿಚಿತ್ರ!

ಸಂಜೆ ಮಗಳು ಶಾಂಡ್ರಾ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಓಪಲ್‌ಗೆ ಎರಡು ತಿಂಗಳು. "ತಲೆ ಮೂಸು ಅಮ್ಮ, ಸ್ವರ್ಗ!" ಅಂದವಳು ನಾಲಿಗೆ ಕಚ್ಚಿಕೊಂಡಳು. ನಾನು ಮೂಸಿದೆ. ಗಾಜಿಗೆ ಮೂಗು ಒತ್ತಿದ ಹಾಗೆ. ಎಳೆಗೂಸಿನ ತಲೆಯ ವಾಸನೆ ಆರು ತಿಂಗಳು ಇದ್ದರೆ ಹೆಚ್ಚು ಎಂದು ನನ್ನಮ್ಮ ಹೇಳುತ್ತಿದ್ದಳು. ಆಮೇಲೆ ಎಲ್ಲರ ಹಾಗೆ ಬೆವರು, ಸೋಪು. ಅಷ್ಟರೊಳಗೆ ಬಂದರೆ ಬಂತು.

ಫೆಬ್ರವರಿ 9, ಭಾನುವಾರ

ಚರ್ಚ್ ಮುಗಿದ ಮೇಲೆ ಊಟದ ಸಾಲಿನಲ್ಲಿ ಕಂಡಕಂಡವರನ್ನು ಕೇಳಿದೆ: ನಿಮ್ಮದಕ್ಕೆ ಎಷ್ಟು ಬಂತು? ಯಾರಿಗೂ ನಾಚಿಕೆಯಿಲ್ಲ, ತಟ್ಟೆ ಹಿಡಿದುಕೊಂಡೇ ಹೇಳಿದರು. ಯೂಡೋರಾಳ ಕಾಲಿನ ಕಿರುಬೆರಳಿಗೆ ನಲವತ್ತು ಸಾವಿರ ಡಾಲರ್. ಚಿಕ್ಕಪ್ಪನ ಮಗ ಲಾನಿಯ ಕತ್ತಿಗೆ ಇಪ್ಪತ್ತೈದು.

"ಕತ್ತಿಗಿಂತ ಕಿರುಬೆರಳು ದುಬಾರಿಯೇನೋ?" ಅಂದೆ.

"ಅವಳಿಗೆ ಗುದ್ದಿದ್ದು ದೊಡ್ಡ ಕಂಪನಿ ಲಾರಿ ಅಕ್ಕಾ. ನಂಗೆ ಗುದ್ದಿದ ಪುಣ್ಯಾತ್ಮನ ಹತ್ರ ವಿಮೆ ಇದ್ದಿದ್ದೇ ಇಪ್ಪತ್ತೈದು. ಕತ್ತಲ್ಲಿ ಎರಡು ಸ್ಕ್ರೂ ಇದೆ, ಯಾರಿಗ್ ಬೇಕು? ನಿಂಗೆ ಗುದ್ದಿದೋನು ಯಾರು?"

"ಹಲ್ಲಿನ ಡಾಕ್ಟ್ರು."

"ದೋಣಿ ಬೇರೆ ಇಟ್ಟಿದಾನೆ! ಗುದ್ದಿಸ್ಕೊಂಡ್ರೆ ಅಂಥೋರ ಕೈಲೇ ಗುದ್ದಿಸ್ಕೋಬೇಕು. ಪುಣ್ಯವಂತೆ ಕಣೆ ನೀನು!"

ಎಲ್ಲರೂ ನಕ್ಕರು, ನಾನೂ. ಅಂದರೆ ಬೆಲೆ ನನ್ನ ಮೂಗಿನಲ್ಲಿಲ್ಲ, ಅವನ ಜೇಬಿನಲ್ಲಿದೆ. ಮೂಗಿನ ದರ ಮಾತ್ರ ಯಾರಿಗೂ ಗೊತ್ತಿಲ್ಲ. ನಮ್ಮ ಚರ್ಚಿನಲ್ಲಿ ಇದುವರೆಗೆ ಯಾರೂ ಮೂಗು ಕಳೆದುಕೊಂಡಿಲ್ಲವಂತೆ.

ಫೆಬ್ರವರಿ 20, ಗುರುವಾರ

ಹಾರ್ಗ್ರೋವ್ ಆಫೀಸು. ಹೆದ್ದಾರಿಯ ಜಾಹೀರಾತು ಫಲಕದಲ್ಲಿ ಆಳೆತ್ತರದ ಮುಖ, ಎದುರಿಗೆ ನೋಡಿದರೆ ಸಣ್ಣ ಮನುಷ್ಯ. ದರಪಟ್ಟಿ ತೋರಿಸಪ್ಪ ಅಂದೆ.

"ದರಪಟ್ಟಿ ಎಲ್ಲಿಂದ ತರ್ಲಿ ಮಿಸ್ ವರ್ಲೀನ್? ಆಸ್ಪತ್ರೆ ಬಿಲ್ ನೋಡ್ತಾರೆ, ಹೋದ ಸಂಬಳ ನೋಡ್ತಾರೆ. ಆಮೇಲೆ ಇದು ಜೀವನಪೂರ್ತಿ ಇರುತ್ತಾ ಅಂತ ನೋಡ್ತಾರೆ. ಬೆಲೆ ಏರೋದು ಅಲ್ಲೇ. ವಾಸಿಯಾಗೋ ಗಾಯ ಅಗ್ಗ."

"ಕತ್ತು ಮುರಿದೋನಿಗಿಂತ ನಂಗೆ ಜಾಸ್ತಿ ಕೊಡ್ತಾರಾ?"

"ನಿಮ್ ಮೂಗು ಎಲ್ಲರ ಮೂಗಲ್ಲ. ಅದು ಅನ್ನ ಹಾಕಿದ ಮೂಗು."

ಅದು ನಿಜ. ಕಡಲೆಕಾಯಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೂಸುವ ಮೇಜು ನನ್ನದು. ಹುರಿದು ಬಂದ ಪ್ರತಿ ತಟ್ಟೆಯನ್ನೂ ಮೂಸಿ ಹೆಸರಿಡಬೇಕು: ಹಸಿ, ಸಿಹಿ, ಮರ, ಕಮಟು, ಸೀದದ್ದು. ನಾನು ಹೂಂ ಅಂದರೆ ಮಾತ್ರ ಡಬ್ಬಿಗೆ. ಈಗ ಚೀಟಿ ಅಂಟಿಸುವ ಸಾಲಿಗೆ ಹಾಕಿದ್ದಾರೆ, ಗಂಟೆಗೆ ಆರು ಡಾಲರ್ ಕಡಿಮೆ.

ಒಂದು ವಿಷಯ ಹಾರ್ಗ್ರೋವ್‌ಗೆ ಹೇಳಿಲ್ಲ. ಹಳದಿ ಪುಸ್ತಕದಲ್ಲೂ ಇಲ್ಲ. ನವೆಂಬರಿನಲ್ಲಿ ಕೆಲಸಕ್ಕೆ ಮರಳಿದಾಗ ಒಂದು ವಾರ ನಟಿಸಿದೆ. ಬಣ್ಣ ನೋಡಿ ಊಹಿಸಿ "ಚೆನ್ನಾಗಿದೆ" ಅನ್ನುತ್ತಿದ್ದೆ. ಸೀದ ಕಾಯಿ ಒಂದು ಲಾರಿ ಹೊರಟೇಹೋಯಿತು. ಅದು ವಾಪಸ್ ಬಂದ ದಿನ ಮೇಲ್ವಿಚಾರಕ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ನನ್ನ ಮುಖ ನೋಡದೆ ತಟ್ಟೆಗಳನ್ನು ಎತ್ತಿಕೊಂಡು ಹೋದ. ಆ ನಾಚಿಕೆ ಇನ್ನೂ ಇಳಿದಿಲ್ಲ.

ಮಾರ್ಚ್ 13, ಗುರುವಾರ

ಮೂಗಿನ ಪರೀಕ್ಷೆ. ಕೆರೆದು ಮೂಸುವ ಪುಟ್ಟ ಪುಸ್ತಕ ಕೊಟ್ಟರು, ನಲವತ್ತು ಹಾಳೆ. ಇದು ಪಿಜ್ಜಾನಾ, ಗುಲಾಬಿನಾ, ಪೆಟ್ರೋಲಾ, ಅನಾನಸಾ? ಗೊತ್ತಿಲ್ಲದಿದ್ದರೂ ಒಂದನ್ನು ಗುರುತು ಹಾಕಲೇಬೇಕು. ಇಪ್ಪತ್ತೆರಡು ವರ್ಷ ಮೂಸಿದವಳು ಕುರುಡಾಗಿ ಗೀಟು ಹಾಕುತ್ತ ಹೋದೆ. ಒಂದು ಹಾಳೆ ಕಡಲೆಕಾಯಿಯದಂತೆ. ನಾನು ಸೋಪು ಅಂದಿದ್ದೆ! ನಗು ಬಂತು, ಕಾರಿಗೆ ಬಂದು ಅತ್ತೆ.

ಕೊನೆಗೆ ಡಾಕ್ಟರು ಒಂದು ಬಾಟಲಿ ಮೂಗಿಗೆ ಹಿಡಿದರು. ಅಮೋನಿಯ. ಚುರ್ ಅಂತು, ಕಣ್ಣಲ್ಲಿ ನೀರು. "ಉರೀತಿದೆ" ಅಂದೆ. ಅವರು ಅದನ್ನು ಬರೆದುಕೊಂಡರು. ಮನೆಗೆ ಬರುವವರೆಗೂ ಒಂದೇ ಚಿಂತೆ. ಏನೂ ಇಲ್ಲ ಅನ್ನಬೇಕಿತ್ತೇ? ನನ್ನ ಬಾಯಾರೆ ನಾನೇ ಕೆಡಿಸಿಕೊಂಡೆನೇ?

ಮಾರ್ಚ್ 14

ಉರೀತಿದೆ ಅಂದುಬಿಟ್ಟೆ ಎಂದು ಫೋನ್ ಮಾಡಿ ಒಪ್ಪಿಕೊಂಡೆ. ಹಾರ್ಗ್ರೋವ್ ಬಿದ್ದು ಬಿದ್ದು ನಕ್ಕ.

"ಅದೇ ನಿಮ್ಮನ್ನ ಉಳಿಸಿದ್ದು! ಆ ಉರಿ ಹೋಗೋದು ಬೇರೆ ನರದಲ್ಲಿ. ವಾಸನೆ ಸತ್ತೋರಿಗೂ ಉರಿಯುತ್ತೆ. ನಾಟಕ ಆಡೋರು ಮಾತ್ರ 'ಏನೂ ಗೊತ್ತಾಗ್ಲಿಲ್ಲ' ಅಂತಾರೆ, ಸಿಕ್ಕಿಬೀಳ್ತಾರೆ."

ಭಲೇ! ನಿಜ ಹೇಳುವವರನ್ನು ಸಿಕ್ಕಿಸಲು ಅಲ್ಲ, ಗುರುತಿಸಲು ಇಟ್ಟ ಬಾಟಲಿ. ಇಡೀ ದಿನ ಅದನ್ನೇ ಯೋಚಿಸಿದೆ.

ಏಪ್ರಿಲ್ 6, ಭಾನುವಾರ

ಓಪಲ್‌ಗೆ ನಾಲ್ಕು ತಿಂಗಳು. ಮಗುಚಿಕೊಳ್ಳುತ್ತಾಳೆ. ವಾಸನೆ ಇನ್ನೂ ಇದೆಯಾ ಎಂದು ಶಾಂಡ್ರಾಳನ್ನು ಕೇಳಿದೆ. "ಇದೆ ಅಮ್ಮ, ಸ್ವಲ್ಪ ಕಮ್ಮಿ." ಎಂಥದು, ಹೇಳು ಅಂದರೆ ಆಗಲಿಲ್ಲ ಅವಳಿಗೆ. "ಓಪಲ್ ಥರ" ಅಂದಳು. ದಡ್ಡಿ.

ಮೇ 19, ಸೋಮವಾರ

ಬಂತು. ವಿಮೆ ಕಂಪನಿಯವರು ಒಂದು ಲಕ್ಷದ ಹತ್ತು ಸಾವಿರ ಡಾಲರ್ ಅಂದಿದ್ದಾರೆ! ಇನ್ನು ವಾಸನೆ ಮರಳುವ ಸಂಭವ ಕಡಿಮೆ ಎಂದು ಡಾಕ್ಟರು ಬರೆದ ಕಾಗದದ ಮೇಲೆ ನಿಂತ ಬೆಲೆ. ಮೂರನೇ ಒಂದು ಪಾಲು ಹಾರ್ಗ್ರೋವ್‌ಗೆ. ಉಳಿದದ್ದರಲ್ಲಿ ಆಸ್ಪತ್ರೆ ತೀರಿಸಿ, ಶಾಂಡ್ರಾ ನರ್ಸಿಂಗ್ ಓದು ಮುಗಿಸಬಹುದು. ಅವಳು ಅಡುಗೆಮನೆಯಲ್ಲಿ ಕೂಸನ್ನೆತ್ತಿ ಕುಣಿದಳು. ಮುಂದಿನ ತಿಂಗಳ ಮೂರಕ್ಕೆ, ಮಂಗಳವಾರ, ಸಹಿ. ಅಪಘಾತದ ದಿನದಿಂದ ಇವತ್ತಿನವರೆಗೆ ಯಾವ ವಾಸನೆಯೂ ತಿಳಿದಿಲ್ಲ ಎಂದು ಬರೆದುಕೊಡಬೇಕು.

ಮೇ 28, ಬುಧವಾರ, ಮಧ್ಯಾಹ್ನ



ಓಪಲ್‌ಗೆ ಮೊನ್ನೆಯಿಂದ ಗೆಣಸು ತಿನ್ನಿಸಲು ಶುರು. ಡೈಪರ್ ಬಿಚ್ಚಿದೆ... ಥೂ! ಅಂದೆ. ಜೋರಾಗಿ. ಆಮೇಲೆ ನಿಂತುಬಿಟ್ಟೆ. ಥೂ ಅಂದದ್ದು ಯಾಕೆ? ಮತ್ತೆ ಬಗ್ಗಿ ಮೂಸಿದೆ. ಹುಳಿ, ಗೆಣಸು, ಕೆಳಗೆಲ್ಲೋ ಕಮಟು. ಹೇಲು! ದೇವರೇ, ಹೇಲಿನ ವಾಸನೆ! ನಗುತ್ತ ಅಳುತ್ತ ಕೂಸಿನ ಕಾಲು ಹಿಡಿದುಕೊಂಡು ನಿಂತೆ. ಅದು ನನ್ನನ್ನೇ ನೋಡಿ ಕೇಕೆ ಹಾಕಿತು.

ಕೂಡಲೇ ತಲೆಗೆ ಮೂಗು ಇಟ್ಟೆ. ಅಲ್ಲಿ ಇನ್ನೂ ಏನೂ ಇಲ್ಲ.

ಹಳದಿ ಪುಸ್ತಕ ತೆರೆದು ಮುಚ್ಚಿದೆ.

ಮೇ 28, ಸಂಜೆ

ಶಾಂಡ್ರಾಳಿಗೆ ಹೇಳಿದೆ. ಮೊದಲು ತಬ್ಬಿಕೊಂಡಳು. ಆಮೇಲೆ ಮೆಲ್ಲಗೆ, "ಮಂಗಳವಾರದವರೆಗೂ ಸುಮ್ನಿರಮ್ಮ."

"ಸುಳ್ಳು ಬರ್ಕೊಡ್ಲಾ?"

"ಒಂದು ಡೈಪರ್ ಅಮ್ಮ! ನಾಳೆ ಮತ್ತೆ ಹೋದ್ರೂ ಹೋಗಬಹುದು. ಆರು ದಿನ ಬಾಯಿ ಮುಚ್ಕೊಂಡಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಬಾಯಿ ಬಿಟ್ಟರೆ ಹೋಗುವುದು ಅವಳ ಓದಿನ ಗಂಟೇ. ಅವಳಿಗೂ ಗೊತ್ತು.

ಮೇ 30, ಶುಕ್ರವಾರ

ನಿನ್ನೆ ಕಾರ್ಖಾನೆ ಬಾಗಿಲಲ್ಲೇ ಸೀದ ವಾಸನೆ ಬಂತು. ಇವತ್ತೂ ಬಂತು. ಒಂದು ಡೈಪರ್ ಅಲ್ಲ, ಹಾಗಾದರೆ.

ಹಾರ್ಗ್ರೋವ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನಿಮ್ ಮೂಗು ಇನ್ನೊಂದು ವಾರ ಕಾಯಬಾರದಿತ್ತಾ ಮಿಸ್ ವರ್ಲೀನ್?"

"ನೀವೇ ಹೇಳಿದ್ರಲ್ಲ, ನಿಜ ಹೇಳಿದ್ದೇ ಉಳಿಸಿದ್ದು ಅಂತ."

"ಅದು ಮಾರ್ಚ್‌ನಲ್ಲಿ." ಉಸಿರು ಬಿಟ್ಟ. "ಸರಿ. ನಂಗೆ ಗೊತ್ತಾದ್ಮೇಲೆ ಮುಚ್ಚಿಡೋ ಹಾಗಿಲ್ಲ. ಕಂಪನಿಗೆ ಬರೀತೀನಿ."

ಒಮ್ಮೆ ಸೀದದ್ದನ್ನು ಚೆನ್ನಾಗಿದೆ ಅಂದಿದ್ದೆ. ಈಗ ಸೀದ ವಾಸನೆ ಬಂದರೂ ಇಲ್ಲ ಅನ್ನಲೇ? ಆಗುವುದಿಲ್ಲ ನನ್ನ ಕೈಲಿ. ಸಂಜೆ ಶಾಂಡ್ರಾ ಮಾತಾಡಲಿಲ್ಲ, ಪಾತ್ರೆಗಳು ಮಾತಾಡಿದವು.

ಜೂನ್ 6, ಶುಕ್ರವಾರ

ಹೊಸ ಬೆಲೆ: ಮೂವತ್ತೆಂಟು ಸಾವಿರ. ಒಪ್ಪಿ ಸಹಿ ಹಾಕಿ ಬಂದೆ. ಒಂದು ಲಕ್ಷದ ಹತ್ತರಲ್ಲಿ ಮೂವತ್ತೆಂಟು ಕಳೆದರೆ ಎಪ್ಪತ್ತೆರಡು ಸಾವಿರ. ಅಂದರೆ ಮೊಮ್ಮಗಳ ಒಂದು ಡೈಪರಿಗೆ ಎಪ್ಪತ್ತೆರಡು ಸಾವಿರ ಡಾಲರ್. ಲಾನಿಗೆ ಹೇಳಿದರೆ ಕತ್ತಿನ ಸ್ಕ್ರೂ ಕಳಚುವಷ್ಟು ನಕ್ಕ.

ಶಾಂಡ್ರಾ ಓದಿಗೆ ಸಾಲ ಅರ್ಜಿ ತುಂಬುತ್ತಿದ್ದಾಳೆ. ನನ್ನ ಕಡೆ ನೋಡಲಿಲ್ಲ. ಸೋಮವಾರದಿಂದ ಮೂಸುವ ಮೇಜಿನಲ್ಲಿ ಒಂದು ವಾರ ಪರೀಕ್ಷೆಗೆ ಕೂರಲು ಕರೆದಿದ್ದಾರೆ. ಅದನ್ನಾದರೂ ಹೇಳಿದೆ. ಹೂಂ ಅಂದಳು.

ಜೂನ್ 8, ಭಾನುವಾರ, ಮಧ್ಯಾಹ್ನ

ಚರ್ಚ್‌ನಿಂದ ಬಂದದ್ದೇ ಶಾಂಡ್ರಾ ಕೂಸನ್ನು ಮಡಿಲಿಗೆ ಹಾಕಿದಳು. ಒಂದು ವಾರದಿಂದ ತಾನಾಗಿ ಕೊಟ್ಟಿರಲಿಲ್ಲ. "ತಲೇಲಿ ಹೊರಟೇಹೋಗಿದೆ ಅಮ್ಮ. ಕಿವಿ ಹಿಂದೆ ಇನ್ನೂ ಚೂರಿದೆ. ನೋಡು... ಬೇಗ." ಅಂದು ಪಕ್ಕದಲ್ಲೇ ಕೂತಳು.

ಓಪಲ್ ನಿದ್ದೆ. ಆರು ತಿಂಗಳು ಮೂರು ದಿನ. ಬಲಗೈಯಲ್ಲಿ ಪೆನ್ನು, ಎಡತೋಳಲ್ಲಿ ಅವಳು. ಕಿವಿ ಹಿಂದೆ ಮೂಗು ಇಟ್ಟೆ. ಸೋಪು. ಹಾಲು. ಅದರ ಕೆಳಗೆ...

ಇದೆ.

ಇಪ್ಪತ್ತೆರಡು ವರ್ಷ ವಾಸನೆಗೆ ಹೆಸರಿಟ್ಟವಳು. ಇದಕ್ಕೂ ಇಡುತ್ತೇನೆ, ಮರೆತುಹೋಗುವ ಮೊದಲು ಬರೆದಿಡಬೇಕು. ಸಿಹಿ, ಆದರೆ ಸಕ್ಕರೆಯದಲ್ಲ. ಬಿಸಿಲಿಗೆ ಹಾಕಿದ ಬಟ್ಟೆಗೆ ಹತ್ತಿರ. ಆಗತಾನೇ ಒಡೆದ ಹಸಿ ಕಾಯಿಯ ಹಾಗೂ ಒಂದಿಷ್ಟು. ತಾಳು, ಇನ್ನೊಮ್ಮೆ ಮೂಸಿ ಬರೆಯುತ್ತೇನೆ. ಇದು...